ಫ್ಲೈ ಕಟ್ಟಲು ಯಾವ ಹಕ್ಕಿಯ ಯಾವ ಗರಿ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಸಮೀಪ ಅಡಿಕೆ ತೋಟ. ಇಂಗ್ಲೆಂಡಿನಲ್ಲಿರುವ ಅಣ್ಣ ಕಳೆದ ಬಾರಿ ಊರಿಗೆ ಬಂದಾಗ ಒಂದು ಫ್ಲೈ ರಾಡ್, ಗಾಳಗಳು ಮತ್ತು ಫ್ಲೈ ಕಟ್ಟುವಾಗ ಗಾಳವನ್ನು ಹಿಡಿದಿಡುವ ಪುಟ್ಟ ವೈಸ್ ಕೊಟ್ಟುಹೋದ. ಗಾಳಕ್ಕೆ ಗರಿ, ನೂಲು ಸುತ್ತಿ ಹುಳದಂತೆಯೋ ಸಣ್ಣ ಮೀನಿನಂತೆಯೋ ಕಾಣುವಂತೆ ಕಟ್ಟುವ ಕೃತಕ ಎರೆಯೇ ಫ್ಲೈ. ಪಯಸ್ವಿನಿ ಹೊಳೆಯಲ್ಲಿಯೂ ಚಂದ್ರಗಿರಿಯ ಅಳಿವೆಯಲ್ಲಿಯೂ ಗಾಳ ಹಾಕುತ್ತೇನೆ. ಫ್ಲೈ ಕಟ್ಟಲು ಬೇಕೆನ್ನುವ ಹುಂಜದ ಕುತ್ತಿಗೆ ಚರ್ಮವನ್ನು ಹೊರದೇಶದಿಂದ ತರಿಸುವುದು ಬಹಳ ದುಬಾರಿ. ಮನೆಯಲ್ಲಿ ಊರ ಕೋಳಿಗಳಿವೆ, ನೆರೆಮನೆಯಲ್ಲಿ ಬಾತುಗಳಿವೆ, ತೋಟದಲ್ಲಿ ನವಿಲುಗರಿ ಬಿದ್ದಿರುತ್ತದೆ, ಅಪರೂಪಕ್ಕೆ ಕಾಡುಕೋಳಿಯ ಗರಿಯೂ ಸಿಗುತ್ತದೆ. ಇವುಗಳಲ್ಲಿ ಯಾವುದು ಆಗುತ್ತದೆ? ಮನೆಯ ಕೋಳಿಯ ಗರಿ ಸುತ್ತಿ ಕಟ್ಟಿದ ಫ್ಲೈ ತೇಲದೆ ಮುಳುಗಿತು, ಏಕೆ? ಮಳೆಗಾಲದಲ್ಲಿ ಗರಿ ಕೆಡದಂತೆ ಇಡುವುದು ಹೇಗೆ? ಹೊರದೇಶದ್ದನ್ನು ಕೊಳ್ಳಲೇಬೇಕೆ?

ಉತ್ತರ: ಫ್ಲೈ ಏಕೆ ಮುಳುಗಿತು ಎಂಬಲ್ಲಿಂದಲೇ ಆರಂಭಿಸುತ್ತೇನೆ. ಅದು ಗೊತ್ತಾದರೆ ಉಳಿದ ಪ್ರಶ್ನೆಗಳಲ್ಲಿ ಅರ್ಧ ತಾನಾಗಿ ಬಿಡಿಸಿಕೊಳ್ಳುತ್ತದೆ.

ಒಂದು ಗರಿಯನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ನಡುವೆ ಕಡ್ಡಿ, ಅದರ ಎರಡೂ ಕಡೆ ಎಳೆಗಳು. ಪ್ರತಿ ಎಳೆಯ ಅಂಚಿನಲ್ಲಿ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಕವಲುಗಳಿವೆ. ಈ ಕವಲುಗಳ ಕೊಕ್ಕೆಗಳು ಪಕ್ಕದ ಎಳೆಯನ್ನು ಹಿಡಿದುಕೊಳ್ಳುವುದರಿಂದಲೇ ರೆಕ್ಕೆಯ ಗರಿ ಸೀಳದೆ ಅಗಲವಾಗಿ ನಿಲ್ಲುವುದು. ಕವಲುಗಳು ದಟ್ಟವಾಗಿರುವ ಭಾಗ ಮಬ್ಬಾಗಿ ಕಾಣುತ್ತದೆ, ಬೆಳಕು ಸಲೀಸಾಗಿ ದಾಟುವುದಿಲ್ಲ. ಫ್ಲೈ ಕಟ್ಟುವವರು ಅದನ್ನು ವೆಬ್ ಎನ್ನುತ್ತಾರೆ. ವೆಬ್ ಇರುವ ಕಡೆ ನೀರು ಹಿಡಿದುಕೊಳ್ಳುತ್ತದೆ. ಬಲಿತ ಹುಂಜದ ಕುತ್ತಿಗೆಯ ಗರಿಯಲ್ಲಿ ಬುಡದಲ್ಲಿ ಮಾತ್ರ ವೆಬ್ ಇದ್ದು, ಅಂಚಿಗೂ ತುದಿಗೂ ಹೋದಂತೆ ಎಳೆಗಳು ಬಿಡಿಬಿಡಿಯಾಗಿ, ಬಿರುಸಾಗಿ, ಹೊಳೆಯುತ್ತಾ ಇರುತ್ತವೆ. ಅಂಥ ಎಳೆಗಳ ತುದಿ ನೀರಿನ ಮೇಲ್ಪದರವನ್ನು ತೂರಿ ಒಳಗಿಳಿಯದೆ ಅದರ ಮೇಲೆ ನಿಲ್ಲುತ್ತದೆ. ಹಾಗಾಗಿ ಫ್ಲೈ ತೇಲುತ್ತದೆ. ನೀವು ಸುತ್ತಿದ್ದು ಹೇಂಟೆಯ ಗರಿಯಾಗಿರಬೇಕು, ಇಲ್ಲವೇ ಎಳೆಯ ಹುಂಜದ್ದು, ಅದೂ ಅಲ್ಲವಾದರೆ ಒಳ್ಳೆಯ ಗರಿಯ ಬುಡದ ಭಾಗ. ಮೂರರಲ್ಲಿ ಯಾವುದಾದರೂ ಫಲ ಒಂದೇ.

ಹುಂಜ ಮತ್ತು ಹೇಂಟೆಯ ನಡುವೆ ಇಷ್ಟು ವ್ಯತ್ಯಾಸ ಬರುವುದು ಹಾರ್ಮೋನಿನಿಂದ. ಹೆಣ್ಣು ಕೋಳಿಯ ಈಸ್ಟ್ರೋಜೆನ್ ಕುತ್ತಿಗೆಯ ಗರಿಯನ್ನು ದುಂಡಗೆ, ಮೆತ್ತಗೆ ಬೆಳೆಸುತ್ತದೆ. ಅದರ ಪ್ರಭಾವ ಇಲ್ಲದಲ್ಲಿ ಗರಿ ಚೂಪಾಗಿ, ಹೊಳಪಾಗಿ ಬೆಳೆಯುತ್ತದೆ. ವಯಸ್ಸೂ ಅಷ್ಟೇ ಮುಖ್ಯ. ಅಂಗಡಿಯ ಬ್ರಾಯ್ಲರ್ ಆರೇಳು ವಾರಕ್ಕೇ ಕತ್ತಿಗೆ ಬರುತ್ತದೆ, ಅದರ ಕುತ್ತಿಗೆಯಲ್ಲಿ ಬಲಿತ ಗರಿ ಹುಟ್ಟಿರುವುದೇ ಇಲ್ಲ. ತೇಲುವ ಫ್ಲೈಗೆ ಒಂದು ವರ್ಷ ದಾಟಿದ ಊರ ಹುಂಜವೇ ಬೇಕು, ಅದೂ ಪುಕ್ಕ ಉದುರಿಸಿ ಹೊಸ ಗರಿ ಪೂರ್ತಿ ಬಲಿತ ಮೇಲೆ. ಕಡ್ಡಿಯ ಬುಡದಲ್ಲಿ ಇನ್ನೂ ರಕ್ತವಿರುವ ಎಳೆಗರಿ ಒಣಗಿದಾಗ ಮುರುಟಿಕೊಳ್ಳುತ್ತದೆ, ಅದನ್ನು ಬಿಟ್ಟುಬಿಡಿ.

ಗರಿ ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವುದು, ಇದು ನೀರಿನಲ್ಲಿ ಏನು ಮಾಡಬೇಕು ಎಂದು. ತೇಲಬೇಕೆ, ಮುಳುಗಿ ಉಸಿರಾಡುವಂತೆ ಅಲುಗಬೇಕೆ, ಸಣ್ಣ ಮೀನಿನ ಮೈಯ ಆಕಾರ ಹಿಡಿದು ನಿಲ್ಲಬೇಕೆ, ಬೆಳಕನ್ನು ಹಿಡಿದು ಮಿನುಗಬೇಕೆ? ಹಕ್ಕಿಯ ಹೆಸರು, ಅದರ ಬೆಲೆ, ಗರಿ ಕೈಯಲ್ಲಿರುವಾಗಿನ ಚಂದ ಎಲ್ಲ ಆಮೇಲೆ. ಒಣಗಿದ ಗರಿಯನ್ನು ನೋಡಿ ತೀರ್ಮಾನಿಸಲೂ ಬಾರದು. ಬಿಳಿ ಬೇಸಿನ್‌ನಲ್ಲಿ ನೀರು ತುಂಬಿಸಿ, ಗರಿಯ ಬುಡವನ್ನು ಚಿಮಟದಲ್ಲಿ ಹಿಡಿದು ಪೂರ್ತಿ ನೆನೆಸಿ, ನಿಧಾನವಾಗಿ ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಒಣಗಿದ್ದಾಗ ಬೆರಳಿನಷ್ಟು ದಪ್ಪ ಕಾಣುವ ನಯಗರಿ ನೀರಿನಲ್ಲಿ ದಾರದಷ್ಟಾಗುತ್ತದೆ. ಒಣಗಿದ್ದಾಗ ಸಪ್ಪೆ ಕಾಣುವ ಬೂದು ಗರಿ ಒಳಗೆ ಜೀವ ಬಂದಂತೆ ತೆರೆದು ಮುಚ್ಚುತ್ತದೆ. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ, ಇದಕ್ಕಿಂತ ಒಳ್ಳೆಯ ಪರೀಕ್ಷೆಯೂ ಇಲ್ಲ.

ಇನ್ನು ನಿಮ್ಮ ಹುಂಜಕ್ಕೆ ಬರೋಣ. ಉಪಯೋಗದ ಗರಿ ಮೂರು ಜಾಗದಲ್ಲಿದೆ. ಕುತ್ತಿಗೆಯದು ತಲೆಯ ಹತ್ತಿರ ಚಿಕ್ಕದಾಗಿ, ಬೆನ್ನಿನ ಕಡೆ ಬಂದಂತೆ ದೊಡ್ಡದಾಗಿರುತ್ತದೆ, ಹಾಗಾಗಿ ಒಂದೇ ಚರ್ಮದಲ್ಲಿ ಹಲವು ಅಳತೆಯ ಫ್ಲೈಗೆ ಗರಿ ಸಿಗುತ್ತದೆ. ಬೆನ್ನಿನ ಹಿಂಭಾಗದಲ್ಲಿ, ಬಾಲ ಶುರುವಾಗುವ ಮುಂಚೆ ಎರಡೂ ಪಕ್ಕೆಗೆ ಇಳಿಬಿದ್ದಿರುವುದು ಸ್ಯಾಡಲ್ ಗರಿ. ಉದ್ದ, ಮೃದು, ತೆಳುವಾದ ಕಡ್ಡಿ. ಅದಕ್ಕೂ ಬಾಲಕ್ಕೂ ನಡುವೆ ಅಗಲವಾದ, ವೆಬ್ ತುಂಬಿದ, ಮೆತ್ತನೆಯ ಉದ್ದ ಗರಿಗಳಿವೆ. ತೇಲುವ ಫ್ಲೈಗೆ ಅವು ಏನೂ ಉಪಯೋಗವಿಲ್ಲ, ಆದರೆ ಅಳಿವೆಯ ಫ್ಲೈಯ ಕೊರಳಿಗೆ ಸುತ್ತಲು ಅವಕ್ಕೆ ಸಾಟಿಯಿಲ್ಲ. ಬೋಳುಕುತ್ತಿಗೆಯ ತಳಿ ಸಾಕಿದ್ದರೆ ಮೊದಲನೆಯದು ಸಿಗದು, ಉಳಿದೆರಡು ಸಿಗುತ್ತವೆ.

ದೈವಕ್ಕೆ ಬಡಿಸುವ ಅಗೆಲಿಗೋ ಹಬ್ಬಕ್ಕೋ ಹುಂಜ ಕೊಯ್ದ ದಿನ ಅದನ್ನು ಬಿಸಿನೀರಿಗೆ ಅದ್ದುವ ಮೊದಲೇ ಕುತ್ತಿಗೆಯ ಮತ್ತು ಬೆನ್ನಿನ ಚರ್ಮವನ್ನು ಗರಿಸಮೇತ ಬಿಡಿಸಿಕೊಳ್ಳಿ. ಬಿಡಿ ಗರಿಗಳನ್ನು ಚೀಲಕ್ಕೆ ತುಂಬಿದರೆ ಆಮೇಲೆ ಜೋಡಿ ಹುಡುಕುವುದರಲ್ಲೇ ದಿನ ಹೋಗುತ್ತದೆ. ಚರ್ಮದ ಮೇಲೆಯೇ ಇದ್ದರೆ ಅಳತೆಯ ಸಾಲು ತಪ್ಪುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಹಾಕಿ ಮೆಲ್ಲಗೆ ತೊಳೆದು, ಚೆನ್ನಾಗಿ ಜಾಲಿಸಿ, ಹಳೆಯ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಚರ್ಮದ ಒಳಮೈ ಮೇಲೆ ಬರುವಂತೆ ಹಲಗೆಯ ಮೇಲೆ ಹರಡಿ ಗುಂಡುಸೂಜಿ ಚುಚ್ಚಿ, ಕೊಬ್ಬನ್ನೆಲ್ಲ ಚಮಚದ ಅಂಚಿನಿಂದ ಕೆರೆದು, ಬೊರಾಕ್ಸ್ ಪುಡಿ ಉಜ್ಜಿ ನೆರಳಿನಲ್ಲಿ ಒಣಗಿಸಿ. ಕೊಬ್ಬು ಉಳಿದರೆ ನಾಲ್ಕು ತಿಂಗಳಲ್ಲಿ ವಾಸನೆ ಬಂದು ಹುಳ ಬೀಳುತ್ತದೆ, ಇದೊಂದರಲ್ಲಿ ಅವಸರ ಬೇಡ. ರೋಗದಿಂದ ಸತ್ತ ಅಥವಾ ಮಂಕಾಗಿದ್ದ ಕೋಳಿಯ ಒಂದು ಗರಿಯನ್ನೂ ಮುಟ್ಟಬೇಡಿ. 2014ರಲ್ಲಿ, 2016ರಲ್ಲಿ, ಮತ್ತೆ 2021ರಲ್ಲಿ ಆಲಪ್ಪುಳದ ಬಾತುಗಳಲ್ಲಿ ಹಕ್ಕಿಜ್ವರ ಬಂದದ್ದು ನೆನಪಿರಲಿ. ಅಂಥ ಸುದ್ದಿ ಇರುವಾಗ ಬೇರೆ ಊರಿನ ಗರಿಯೂ ಬೇಡ.

ಬಣ್ಣದ ವಿಷಯದಲ್ಲಿ ನಮ್ಮ ಊರಿನವರಿಗೆ ಒಂದು ಅನುಕೂಲವಿದೆ. ತುಳುನಾಡಿನಲ್ಲಿ ಹುಂಜಗಳನ್ನು ಮೈಬಣ್ಣ ನೋಡಿ ಬೊಳ್ಳೆ, ಕೆಮ್ಮೈರೆ, ಉರಿಯೆ, ಕಕ್ಕೆ, ಗಿಡಿಯೆ ಎಂದೆಲ್ಲ ವಿಂಗಡಿಸುವ ರೂಢಿ ಹಳೆಯದು. ಕೋಳಿ ಅಂಕದಲ್ಲಿ, ಅಂದರೆ ಕೋಳಿ ಕಾಳಗದಲ್ಲಿ, ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಹೇಳುವ ಕುಕ್ಕುಟ ಪಂಚಾಂಗವೇ ಇದೆ. ಕೋಳಿ ಅಂಕದ ಜೂಜನ್ನು ನಾನು ಒಪ್ಪುವುದಿಲ್ಲ, ಕಾನೂನೂ ಒಪ್ಪುವುದಿಲ್ಲ. ಆದರೆ ಗರಿಯ ಬುಡದ ಬಣ್ಣ, ಅಂಚಿನ ಬಣ್ಣ, ನಡುಗೆರೆಯ ಬಣ್ಣ ಬೇರೆಬೇರೆ ಎಂದು ಗುರುತಿಸುವ ಹಿರಿಯರ ಕಣ್ಣು ಫ್ಲೈ ಕಟ್ಟುವವನಿಗೆ ಬೇಕಾದ ಕಣ್ಣೇ. ಬಿಳಿ ಅಥವಾ ಕೆನೆ ಬಣ್ಣದ ಗರಿಯ ನಡುವೆ ಕಪ್ಪು ಗೆರೆ ಇದ್ದರೆ ಫ್ಲೈ ಕಟ್ಟುವವರು ಬ್ಯಾಡ್ಜರ್ ಎನ್ನುತ್ತಾರೆ, ಕಂದು ಗರಿಯಲ್ಲಿ ಕಪ್ಪು ಗೆರೆಯಾದರೆ ಫರ್ನೆಸ್, ಬೂದು ಬಿಳಿ ಅಡ್ಡಪಟ್ಟೆಯದು ಗ್ರಿಜ್ಲಿ. ಒಂದೇ ಬಗೆಯ ಗರಿ ಕೊಳ್ಳುವುದಾದರೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಗ್ರಿಜ್ಲಿ ಎನ್ನುವೆ. ಪಟ್ಟೆಗಳಿಂದಾಗಿ ಸುತ್ತಿದಾಗ ಎಳೆಗಳು ಅಲುಗದಿದ್ದರೂ ಅಲುಗಿದಂತೆ ಕಾಣುತ್ತವೆ. ಊರ ಕೋಳಿಗಳ ನಡುವೆಯೂ ಪಟ್ಟೆಯ ಹುಂಜ ಆಗಾಗ ಹುಟ್ಟುತ್ತದೆ, ಅಂಥದ್ದಿದ್ದರೆ ಕೊಯ್ಯುವ ಅವಸರ ಮಾಡದೆ ಬಲಿಯಲು ಬಿಡಿ. ಕಪ್ಪಿಗೆ ತಲಶ್ಶೇರಿ ಕೋಳಿ ಬಹಳ ಒಳ್ಳೆಯದು. ಕೇರಳದ ಈ ದೇಸಿ ತಳಿಯ ಕಪ್ಪು ಗರಿಯ ಮೇಲೆ ನೀಲಿ ಮಿಂಚು ಇರುತ್ತದೆ, ಬಣ್ಣ ಹಾಕಿದ ಕಪ್ಪಿಗೆ ಅದು ಬಾರದು.

ತೇಲುವ ಫ್ಲೈಗೆ ಗರಿಯ ಅಳತೆ ಹೀಗೆ: ಗರಿಯನ್ನು ಗಾಳದ ಪಕ್ಕ ಬಾಗಿಸಿ ಹಿಡಿದಾಗ ಎಳೆಗಳು ಗಾಳದ ಬಾಯಿಯ ಅಗಲದ ಒಂದೂವರೆ ಪಟ್ಟು ಚಾಚಬೇಕು, ಎರಡು ಪಟ್ಟು ದಾಟಬಾರದು. ಊರ ಹುಂಜದ ಕಡ್ಡಿ ದಪ್ಪ, ಸುತ್ತುವಾಗ ಹೊರಳುತ್ತದೆ. ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಮಾತು ಕೇಳುತ್ತದೆ. ಗರಿ ಗಿಡ್ಡವಾದ್ದರಿಂದ ಒಂದು ಫ್ಲೈಗೆ ಎರಡು ಬೇಕಾಗುತ್ತದೆ. ಬುಡದ ವೆಬ್ ಭಾಗವನ್ನು ಕಿತ್ತು ಬಿಸಾಡಲು ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಮ್ಮ ಭಾಗದಲ್ಲಿ ಇಂಥ ಫ್ಲೈಯ ಕಾಲ ಚಿಕ್ಕದು. ಮೊದಲ ಮಳೆಯ ಸಂಜೆ ರೆಕ್ಕೆಗೆದ್ದಲು ಎದ್ದು ಹೊಳೆಯ ಮೇಲೆ ಬೀಳುವಾಗ ಸಣ್ಣ ಮೀನುಗಳೆಲ್ಲ ಮೇಲಕ್ಕೆ ಬರುತ್ತವೆ, ಆಗ ಕಂದು ಹುಂಜದ ಗರಿ ಸುತ್ತಿದ ಪುಟ್ಟ ಫ್ಲೈ ಸಾಕು. ಮಳೆ ಜೋರಾಗಿ ಮೀನು ಮೊಟ್ಟೆಯಿಡಲು ಗದ್ದೆ ತೋಡುಗಳಿಗೆ ಹತ್ತುವಾಗ ರಾಡ್ ಒಳಗಿಡಿ. ಆ ಏರುಮೀನು ಹಿಡಿಯುವುದನ್ನು ಕೇರಳ ನಿಷೇಧಿಸಿದೆ, ನಿಷೇಧ ಇಲ್ಲದಿದ್ದರೂ ಹಿಡಿಯಬಾರದ ಮೀನು ಅದು.

ಪಯಸ್ವಿನಿಯ ಸಿಹಿನೀರಿಗೆ ತೇಲುವ ಫ್ಲೈಗಿಂತ ಮುಳುಗುವ ಮೆದುಗರಿಯ ಫ್ಲೈ ಹೆಚ್ಚು ಕೆಲಸ ಮಾಡುತ್ತದೆ. ಇಲ್ಲಿ ಹೇಂಟೆಯ ಗರಿಯೇ ರಾಣಿ. ಮಚ್ಚೆಯಿರುವ ಕಂದು ಹೇಂಟೆಯ ಕುತ್ತಿಗೆಯ ದುಂಡು ಗರಿಯನ್ನು ತುದಿಯಿಂದ ಕಟ್ಟಿ ಎರಡೇ ಸುತ್ತು ಸುತ್ತಿ. ಹೆಚ್ಚಾದರೆ ಎಳೆಗಳು ಒಂದನ್ನೊಂದು ಒತ್ತಿ ಸತ್ತುಬೀಳುತ್ತವೆ. ಇಂಗ್ಲೆಂಡಿನವರು ಇದೇ ಕೆಲಸಕ್ಕೆ ಅಲ್ಲಿನ ಪಾರ್ಟ್ರಿಜ್ ಗರಿ ಬಳಸುತ್ತಾರೆ. ಅದನ್ನು ಓದಿ ನಮ್ಮ ಗೌಜಲಹಕ್ಕಿಯ ಹಿಂದೆ ಹೋಗಬೇಡಿ, ಅದು ಸಂರಕ್ಷಿತ ಹಕ್ಕಿ. ಗಿನಿ ಕೋಳಿ ಸಾಕುವವರು ನಿಮ್ಮ ಸುತ್ತಮುತ್ತ ಇದ್ದರೆ ಅದರ ಬಿಳಿಚುಕ್ಕೆಯ ಗರಿ ಹೇಂಟೆಯ ಗರಿಗಿಂತ ಒಂದು ಕೈ ಮೇಲು, ಸಿಗಡಿಯಂಥ ಫ್ಲೈಗೆ ಕಾಲು ಮೀಸೆ ಮಾಡಲೂ ಅದೇ.

ಈ ನದಿಗಳಲ್ಲಿ ಗಾಳದ ಬಗ್ಗೆ ಯೋಚಿಸಿದವರಲ್ಲಿ ನೀವು ಮೊದಲಿಗರಲ್ಲ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಆ ಜಿಲ್ಲೆಯ ಕಲೆಕ್ಟರನಾಗಿ ಕೆಲಸ ಮಾಡಿದ ಎಚ್.ಎಸ್. ಥಾಮಸ್ ಭಾರತದ ಗಾಳ ಮೀನುಗಾರಿಕೆ ಕುರಿತು ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಹೊರಬಂತು. ಮಾಹಶೀರ್ ಎಂಬ ದೊಡ್ಡ ಸಿಹಿನೀರಿನ ಮೀನು ಅಂದು ಹೊಳೆಗಳಲ್ಲಿ ಹೇರಳ. ಇಂದು ಹಾಗಿಲ್ಲ. ಪಯಸ್ವಿನಿಯಲ್ಲಿ ಮಾಹಶೀರ್ ಸಿಕ್ಕರೆ ನೀರಿನಿಂದ ಎತ್ತದೆಯೇ ಗಾಳ ಬಿಡಿಸಿ ಬಿಟ್ಟುಬಿಡಿ. ಸುಳ್ಯದ ಕಡೆಯ ತೊಡಿಕಾನದಂಥ ದೇವರ ಮೀನಿನ ಗುಂಡಿಗಳ ಹತ್ತಿರವಂತೂ ಗಾಳ ಹಿಡಿದು ಸುಳಿಯಬೇಡಿ.

ನಿಮಗೆ ನಿಜವಾಗಿ ಹಬ್ಬವಿರುವುದು ಚಂದ್ರಗಿರಿಯ ಅಳಿವೆಯಲ್ಲಿ. ಚೆಂಬಲ್ಲಿ, ಕಾಳಾಂಜಿ, ಟ್ರೆವಲ್ಲಿ ಜಾತಿಯವು, ಇವೆಲ್ಲ ಸಣ್ಣ ಮೀನನ್ನೂ ಸಿಗಡಿಯನ್ನೂ ಬೆನ್ನಟ್ಟಿ ತಿನ್ನುವಂಥವು. ಇಲ್ಲಿ ಗರಿ ತೇಲಬೇಕಾಗಿಲ್ಲ. ಎರಡು ಮೂರು ಇಂಚಿನ ಮೀನಿನ ಮೈಯಾಗಬೇಕು, ಉಬ್ಬರ ಇಳಿತದ ಸೆಳೆತದಲ್ಲಿ ಈಜಬೇಕು. ಅಮೆರಿಕದ ಫ್ಲೈ ಗಾಳಗಾರ ಲೆಫ್ಟಿ ಕ್ರೆ 1950ರ ದಶಕದ ಕೊನೆಯಲ್ಲಿ ಚೆಸಾಪೀಕ್ ಕೊಲ್ಲಿಯ ಮೀನಿಗಾಗಿ ಹೊಂದಿಸಿದ ಡಿಸೀವರ್ ಎಂಬ ಫ್ಲೈ ಇದಕ್ಕೆ ಹೇಳಿಮಾಡಿಸಿದ್ದು. ಎಸೆಯುವಾಗ ಗರಿ ಗಾಳಕ್ಕೆ ಸುತ್ತಿಕೊಳ್ಳಬಾರದು, ಗಾಳಿಗೆ ತಡೆಯಾಗಬಾರದು, ನೀರಿನಲ್ಲಿ ಮೀನಿನಂತೆ ಕಾಣಬೇಕು ಎಂಬುದು ಆತನ ಗುರಿಯಾಗಿತ್ತು. ಉಪಾಯ ಸರಳ. ಗರಿಗಳನ್ನು ಗಾಳದ ಕಣ್ಣಿನ ಹತ್ತಿರ ಕಟ್ಟದೆ, ಗಾಳ ಬಾಗಲು ಶುರುವಾಗುವ ಹಿಂದಿನ ತುದಿಯಲ್ಲಿ ಕಟ್ಟಿ, ಕೊರಳಿಗೆ ಉದ್ದ ಕೂದಲು ಹಾಕಿದ.

ಇದಕ್ಕೆ ಸ್ಯಾಡಲ್ ಗರಿ ಆರಿಸುವುದರಲ್ಲಿಯೇ ಫ್ಲೈಯ ಅರ್ಧ ಆಯುಸ್ಸು ಇದೆ. ಒಂದು ಫ್ಲೈಗೆ ಆರು ಗರಿ, ಪಕ್ಕಕ್ಕೆ ಮೂರರಂತೆ. ಬೆನ್ನಿನ ಎಡಭಾಗದಿಂದ ಮೂರು, ಬಲಭಾಗದಿಂದ ಮೂರು ತೆಗೆದುಕೊಂಡರೆ ಬಾಗು ತಾನಾಗಿ ಹೊಂದುತ್ತದೆ. ಅಗಲ ಒಂದೇ ಇರಲಿ, ಉದ್ದ ಗಾಳದ ನೇರಭಾಗದ ಎರಡು ಎರಡೂವರೆ ಪಟ್ಟು. ಕಡ್ಡಿಯನ್ನು ಬುಡದಲ್ಲಿ ಹಿಡಿದು ಅಡ್ಡ ಚಾಚಿ: ಬುಡದ ಅರ್ಧ ನೆಟ್ಟಗೆ ನಿಂತು, ತುದಿಯ ಅರ್ಧ ಮೆಲ್ಲಗೆ ಬಳುಕಬೇಕು. ಪೂರ್ತಿ ಬಳುಕಿದರೆ ಗಾಳಕ್ಕೆ ಸುತ್ತಿಕೊಳ್ಳುತ್ತದೆ, ಪೂರ್ತಿ ನೆಟ್ಟಗಿದ್ದರೆ ನೀರಿನಲ್ಲಿ ಕಡ್ಡಿಯಾಗಿಯೇ ಉಳಿಯುತ್ತದೆ. ಗರಿಗಳ ಒಳಬಾಗು ಪರಸ್ಪರ ಎದುರಾಗುವಂತೆ ಕಟ್ಟಿದರೆ ಮೈ ತೆಳುವಾಗಿ ಬೆಳ್ಳಗಿನ ಸಣ್ಣ ಮೀನಾಗುತ್ತದೆ. ಹೊರಬಾಗುವಂತೆ ಕಟ್ಟಿದರೆ ಎಳೆದಾಗ ಮುಚ್ಚಿ, ನಿಲ್ಲಿಸಿದಾಗ ಬಿಚ್ಚಿಕೊಳ್ಳುತ್ತದೆ, ಕಪ್ಪೆ ಕಾಲು ಒದ್ದಂತೆ. ಎರಡನೆಯದನ್ನು ಅಳಿವೆಯಲ್ಲಿ ವ್ಯರ್ಥ ಮಾಡಬೇಡಿ. ಮದಕಗಳಲ್ಲಿ, ಗದ್ದೆ ಬದಿಯ ತೋಡುಗಳಲ್ಲಿ ಕೊರವನಿಗೆ ಅದನ್ನು ಕಟ್ಟಿ. ಆ ಮೀನನ್ನು ನಿಮ್ಮ ಕಡೆ ವರಾಲ್ ಎನ್ನುವವರೂ ಇದ್ದಾರೆ.

ಬಣ್ಣ? ತಿಳಿನೀರಿಗೆ ಬಿಳಿ ಮತ್ತು ಗ್ರಿಜ್ಲಿ. ಮಳೆ ಬಿಟ್ಟ ಮೇಲಿನ ಕೆಂಪು ನೀರಿಗೆ ಕಪ್ಪು, ಇಲ್ಲವೇ ಕಪ್ಪಿನ ಜೊತೆ ಅರಶಿನ ಬಣ್ಣ. ಕಲಕು ನೀರಿನಲ್ಲಿ ಮೀನು ಕೆಳಗಿನಿಂದ ನೋಡುವಾಗ ಆಕಾರದ ನೆರಳೇ ಮುಖ್ಯ, ಅದನ್ನು ಕಪ್ಪಿನಷ್ಟು ಸ್ಪಷ್ಟವಾಗಿ ಬೇರೆ ಬಣ್ಣ ಕೊಡದು. ಕೊರಳಿನ ಕೂದಲಿಗೆ ಹೊರದೇಶದಲ್ಲಿ ಜಿಂಕೆ ಬಾಲ ಬಳಸುತ್ತಾರೆ. ಇಲ್ಲಿ ಜಿಂಕೆ, ಕಡವೆ ಯಾವುದರ ಕೂದಲೂ ಬೇಡ. ಆಡಿನ ಬಾಲದ ಉದ್ದ ಬಿಳಿ ಕೂದಲು ಮಾಂಸದಂಗಡಿಯಲ್ಲಿ ಸಿಗುತ್ತದೆ, ತೊಳೆದು ಒಣಗಿಸಿದರೆ ಒಳ್ಳೆಯದೇ. ಗಂಟಿನ ಮೇಲೆ ಒಂದು ಹನಿ ಫೆವಿಕ್ವಿಕ್ ಹಾಕಿ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಜಾಲಿಸಿ, ಇಲ್ಲದಿದ್ದರೆ ಗಾಳದ ತುಕ್ಕು ಗರಿಗೂ ಹತ್ತುತ್ತದೆ.

ಬ್ರಾಯ್ಲರನ್ನು ಮೇಲೆ ತಳ್ಳಿಹಾಕಿದ್ದು ತೇಲುವ ಫ್ಲೈಗೆ ಮಾತ್ರ. ಅದರ ತೊಡೆಯ ಮತ್ತು ಹೊಟ್ಟೆಯ ಬಿಳಿ ನಯಗರಿ ಮ್ಯಾರಬೂವಿಗೆ ಬದಲಿ. ಮ್ಯಾರಬೂ ಎಂದು ಪ್ಯಾಕೆಟ್ಟಿನಲ್ಲಿ ಮಾರುವುದೂ ಈಗ ಟರ್ಕಿ ಕೋಳಿಯ ನಯಗರಿಯೇ, ಹೆಸರು ಮಾತ್ರ ಕೊಕ್ಕರೆಯ ಜಾತಿಯ ಒಂದು ಹಕ್ಕಿಯದು. ಬ್ರಾಯ್ಲರಿನದು ಟರ್ಕಿಯದಕ್ಕಿಂತ ಗಿಡ್ಡ, ಸಣ್ಣ ಗಾಳಕ್ಕೆ ಅದೇ ಹೊಂದುತ್ತದೆ. ಬಾಲಕ್ಕೆ ಒಂದು ಚಿಟಿಕೆ ನಯಗರಿ, ಮೈಗೆ ಉಣ್ಣೆ, ಮೇಲೆ ಹಿಂದಿನಿಂದ ಮುಂದಕ್ಕೆ ಸುತ್ತಿದ ಹುಂಜದ ಮೆತ್ತನೆಯ ಗರಿ ಹಾಕಿದರೆ ಊಲಿ ಬಗರ್ ಆಯಿತು, ಸಿಹಿನೀರು ಉಪ್ಪುನೀರು ಎರಡರಲ್ಲಿಯೂ ಮೀನು ಹಿಡಿಯುವ ಫ್ಲೈ. ಬಿಳಿಗರಿ ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತದೆ. ಉಣ್ಣೆ ರೇಷ್ಮೆಗೆ ಹಾಕುವ ಆಸಿಡ್ ಬಣ್ಣವನ್ನು ವಿನೆಗರ್ ಬೆರೆಸಿದ ಬಿಸಿನೀರಿನಲ್ಲಿ ಕರಗಿಸಿ ಅದ್ದಿ. ಮೊದಲು ಜಿಡ್ಡು ಪೂರ್ತಿ ಹೋಗಿರಬೇಕು, ನೀರು ಕುದಿಯಬಾರದು, ಕುದಿದರೆ ಗರಿ ಸುರುಟುತ್ತದೆ. ತಿಳಿಕಂದು ಬೇಕಿದ್ದರೆ ಗಟ್ಟಿ ಚಹಾದ ಕಷಾಯ ಸಾಕು. ಅರಶಿನದ ಹಳದಿ ಬಲು ಚಂದ, ಆದರೆ ಬಿಸಿಲಿಗೆ ನಿಲ್ಲದು.

ಬಾತಿನ ವಿಷಯ ಚಿಕ್ಕದು. ಅದರ ಬಾಲದ ಬುಡದ ಮೇಲೆ ಎಣ್ಣೆಯ ಗ್ರಂಥಿ ಇದೆ, ಸುತ್ತಲಿನ ಬೂದು ನಯಗರಿಗಳನ್ನು ಸಿಡಿಸಿ ಎನ್ನುತ್ತಾರೆ. ಆ ಗರಿಯ ಸೂಕ್ಷ್ಮ ಎಳೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಜೊತೆಗೆ ಗ್ರಂಥಿಯ ಎಣ್ಣೆಯೂ ಸೇರಿ ಫ್ಲೈ ತೇಲುತ್ತದೆ. ಹುಂಜದ ಬಿರುಸು ಗರಿ ಸಿಗದವರಿಗೆ ತೇಲುವ ಫ್ಲೈಗೆ ಇದೇ ದಾರಿ. ಒಂದು ಬಾತಿನಲ್ಲಿ ಇಂಥವು ಇರುವುದು ಸ್ವಲ್ಪವೇ, ಕೊಯ್ದ ದಿನವೇ ಹೋಗಿ ಕೇಳಿ ಪಡೆಯಿರಿ. ಸೋಪು ಹಾಕಿ ತೊಳೆಯಬೇಡಿ, ತೇಲಿಸುವ ಮುಲಾಮು ಹಚ್ಚಲೂ ಬೇಡಿ, ಎಳೆಗಳು ಅಂಟಿಕೊಂಡು ಗಾಳಿ ಹೊರಟುಹೋಗುತ್ತದೆ. ರೆಕ್ಕೆಯ ದೊಡ್ಡ ಗರಿಯನ್ನು ಫ್ಲೈಯ ರೆಕ್ಕೆಗೆ ಬಳಸುವುದಾದರೆ ಎಡರೆಕ್ಕೆಯದೊಂದು, ಬಲರೆಕ್ಕೆಯದೊಂದು, ಅದೇ ಜಾಗದ್ದು ಬೇಕು. ಒಂದೇ ರೆಕ್ಕೆಯ ಎರಡು ಗರಿಗಳಿಂದ ಕಟ್ಟಿದ ಫ್ಲೈ ಎಳೆಯುವಾಗ ಗಿರಗಿರನೆ ತಿರುಗಿ ತಂಗೂಸನ್ನು, ಅಂದರೆ ಗಾಳದ ದಾರವನ್ನು, ಹುರಿಗೊಳಿಸುತ್ತದೆ.

ನವಿಲುಗರಿಗೆ ಬರೋಣ. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಚ್ಛೇದದಲ್ಲಿರುವ ಹಕ್ಕಿ. ಅದನ್ನು ಕೊಲ್ಲುವುದು, ಅದರಿಂದ ಗರಿ ಕೀಳುವುದು ಗಂಭೀರ ಅಪರಾಧ. ಆದರೆ ತಾನಾಗಿ ಉದುರಿದ ಬಾಲದ ಗರಿಯನ್ನು ದೇಶದೊಳಗೆ ಇಟ್ಟುಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ಉದುರಿದ ಗರಿಯ ಬುಡ ಒಣಗಿ ಶುಭ್ರವಾಗಿರುತ್ತದೆ, ಕಿತ್ತದ್ದರಲ್ಲಿ ರಕ್ತದ ಕಲೆ ಇರುತ್ತದೆ. ನೀವು ಎತ್ತಿಕೊಂಡ ಗರಿಯ ಬುಡ ಕತ್ತರಿಸದೆ ಹಾಗೆಯೇ ಇಡಿ, ಯಾರಾದರೂ ಕೇಳಿದರೆ ತೋರಿಸಬಹುದು. ನವಿಲುಗರಿಯ ರಫ್ತು ಮಾತ್ರ ನಿಷಿದ್ಧ. ಆದ್ದರಿಂದ ನವಿಲಿನ ಎಳೆ ಸುತ್ತಿದ ಫ್ಲೈಯನ್ನು ಪ್ರೀತಿಯಿಂದಲೂ ಅಣ್ಣನಿಗೆ ಕಳಿಸಬೇಡಿ.

ಫ್ಲೈಯಲ್ಲಿ ನವಿಲಿನ ಎಳೆಗೆ ಸರಿಸಾಟಿಯಾದದ್ದು ನಾನು ಕಂಡಿಲ್ಲ. ಅದರ ಹಸಿರು ನೀಲಿ ಹೊಳಪಿಗೆ ಕಾರಣ ಆ ಬಣ್ಣದ ದ್ರವ್ಯವಲ್ಲ. ಸೂಕ್ಷ್ಮ ಕವಲುಗಳೊಳಗೆ ಮೆಲನಿನ್ ಕಡ್ಡಿಗಳು ಒಂದು ಕ್ರಮದಲ್ಲಿ ಜೋಡಣೆಯಾಗಿ, ಬೆಳಕಿನ ಕೆಲವು ಅಲೆಗಳನ್ನು ಮಾತ್ರ ಹಿಂದಿರುಗಿಸುತ್ತವೆ. ಹಾಗಾಗಿ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ, ನೀರಿನಲ್ಲಿ ಹುಳದ ಮೈ ಮಿನುಗಿದಂತೆ ಕಾಣುತ್ತದೆ. ಕಣ್ಣಿನ ಕೆಳಗಿನ ಎಳೆಗಳು ದಟ್ಟ, ಮೈ ಸುತ್ತಲು ಅವೇ ಒಳ್ಳೆಯವು. ಬುಡದ ಕಡೆಯವು ತೆಳು, ಬೇಗ ತುಂಡಾಗುತ್ತವೆ. ನಾಲ್ಕೈದು ಎಳೆಗಳನ್ನು ತುದಿಯಿಂದ ಕಟ್ಟಿ, ಕಟ್ಟುವ ನೂಲಿನ ಜೊತೆಯೇ ಹುರಿ ಹೊಡೆದು ಸುತ್ತಿ, ಮೇಲೆ ಹಳೆಯ ಮೋಟಾರಿನ ತೆಳು ತಾಮ್ರದ ತಂತಿಯನ್ನು ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ಮೀನಿನ ಹಲ್ಲಿಗೂ ಬಾಳುತ್ತದೆ. ಬಿಸಿಲು ಬಿದ್ದು ಕಂಚಿನ ಬಣ್ಣಕ್ಕೆ ತಿರುಗಿದ ಗರಿಯನ್ನು ಬಿಸಾಡಬೇಡಿ, ಪಯಸ್ವಿನಿಯ ಕಲ್ಲಿನ ಬಣ್ಣಕ್ಕೆ ಅದು ಹಸಿರಿಗಿಂತ ಹೊಂದುತ್ತದೆ.

ಕಾಡುಕೋಳಿಯ ಗರಿಯ ಬಗ್ಗೆ ನನ್ನ ಮಾತು ಗಡುಸಾಗಿಯೇ ಇರುತ್ತದೆ: ಬಿದ್ದಿದ್ದರೂ ಎತ್ತಿಕೊಳ್ಳಬೇಡಿ. ಅದೇ ಕಾಯ್ದೆ ಕಾಡುಕೋಳಿಯನ್ನೂ ರಕ್ಷಿಸುತ್ತದೆ, ಕಾಡುಪ್ರಾಣಿಯ ಅವಶೇಷಗಳ ಪಟ್ಟಿಯಲ್ಲಿ ಗರಿಯನ್ನೂ ಸೇರಿಸಿದೆ, ನವಿಲಿನ ಬಾಲಕ್ಕೆ ಕೊಟ್ಟ ವಿನಾಯಿತಿ ಇದಕ್ಕಿಲ್ಲ. ನಮ್ಮ ಬೂದು ಕಾಡುಕೋಳಿ ಭಾರತದ ಕಾಡುಗಳಲ್ಲಿ ಮಾತ್ರ ಇರುವ ಹಕ್ಕಿ. ಹುಂಜದ ಕೊರಳ ಗರಿಯ ತುದಿಯಲ್ಲಿ ಮೇಣ ಇಟ್ಟಂಥ ಬಿಳಿ ಹಳದಿ ಬೊಟ್ಟುಗಳಿವೆ. ಸಾಲ್ಮನ್ ಫ್ಲೈಗಳಿಗೆ ಕಣ್ಣಾಗಿ ಆ ಬೊಟ್ಟನ್ನು ಕಟ್ಟುವ ಚಟ ಬ್ರಿಟನ್ನಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದು, ಇಲ್ಲಿಂದ ಚರ್ಮಗಳು ಹಡಗು ಹತ್ತಿದವು. ಅಪರೂಪದ ಗರಿಯ ಮೋಹ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ 2009ರ ಜೂನ್ ಸಾಕ್ಷಿ. ಇಂಗ್ಲೆಂಡಿನ ಟ್ರಿಂಗ್‌ನಲ್ಲಿರುವ ಪ್ರಕೃತಿ ವಿಜ್ಞಾನ ಸಂಗ್ರಹಾಲಯದಿಂದ ಫ್ಲೈ ಕಟ್ಟುವ ತರುಣನೊಬ್ಬ 299 ಹಕ್ಕಿ ಚರ್ಮಗಳನ್ನು ಕದ್ದ. ಹತ್ತೊಂಬತ್ತನೆಯ ಶತಮಾನದ ಪ್ರಕೃತಿ ವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಸಂಗ್ರಹಿಸಿ ತಂದವೂ ಅವುಗಳಲ್ಲಿದ್ದವು. ಎಷ್ಟೋ ಚರ್ಮಗಳ ಗುರುತಿನ ಚೀಟಿ ಹರಿದುಹೋಗಿ, ಮರಳಿ ಸಿಕ್ಕರೂ ವಿಜ್ಞಾನಕ್ಕೆ ಉಪಯೋಗವಿಲ್ಲದಾದವು. ಮೀನು ಆ ಗರಿಗಳನ್ನು ಬೇಡಿರಲಿಲ್ಲ, ಬೇಡಿದ್ದು ಮನುಷ್ಯರು. ನಿಮ್ಮ ಫ್ಲೈಗೆ ಕಣ್ಣು ಬೇಕೆಂದರೆ ತಲಶ್ಶೇರಿ ಹೇಂಟೆಯ ಸಣ್ಣ ಕಪ್ಪು ಗರಿಗೆ ಬಿಳಿ ನೇಲ್‌ಪಾಲಿಶ್ ಬೊಟ್ಟಿಟ್ಟು, ಒಣಗಿದ ಮೇಲೆ ಅದರೊಳಗೆ ಹಳದಿ ಬೊಟ್ಟಿಟ್ಟು, ಬಣ್ಣವಿಲ್ಲದ ಪಾಲಿಶ್ ಬಳಿಯಿರಿ. ಅಳಿವೆಯ ಕಾಳಾಂಜಿಗೆ ಅದು ಧಾರಾಳ ಸಾಕು.

ಮಳೆಗಾಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಗರಿಗೆ ಇಬ್ಬರು ಶತ್ರುಗಳು, ಬೂಸು ಮತ್ತು ಹುಳ. ಬಟ್ಟೆ ತಿನ್ನುವ ಪತಂಗದ ಮರಿಯೂ ಚರ್ಮ ತಿನ್ನುವ ಸಣ್ಣ ಜೀರುಂಡೆಯೂ ಗರಿಯ ಕೆರಾಟಿನನ್ನು ಜೀರ್ಣಿಸಿಕೊಳ್ಳುತ್ತವೆ. ಹೊಸ ಗರಿ ಯಾವುದೇ ಬರಲಿ, ಹಳೆಯದರ ಜೊತೆ ಸೇರಿಸುವ ಮೊದಲು ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಕೆಲವು ದಿನ ಇಡಿ, ಹೊರತೆಗೆದು ಒಂದೆರಡು ದಿನ ಬಿಟ್ಟು ಮತ್ತೆ ಫ್ರೀಜರಿಗೆ ಹಾಕಿ. ಮೊದಲ ಸರದಿಯಲ್ಲಿ ಉಳಿದ ಮೊಟ್ಟೆ ಎರಡನೆಯದರಲ್ಲಿ ಸಾಯುತ್ತದೆ. ಆಮೇಲೆ ರಬ್ಬರ್ ಅಂಚಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಮತ್ತು ಕರ್ಪೂರದ ಜೊತೆ ಇಡಿ. ನುಸಿಗುಳಿಗೆ ಕೆಲವು ಬಗೆಯ ಪ್ಲಾಸ್ಟಿಕ್ಕನ್ನೂ ಫೋಮನ್ನೂ ಮೆತ್ತಗಾಗಿಸುತ್ತದೆ, ನನಗೆ ಅದು ಇಷ್ಟವಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಡಬ್ಬಿಯನ್ನು ಬಿಸಿಲಿರುವ ದಿನ ಮಾತ್ರ ತೆರೆಯಿರಿ.

ಕೊನೆಯದಾಗಿ, ಹೊರದೇಶದ ಚರ್ಮ. ಅಮೆರಿಕದ ಕೆಲವರು ಗರಿಗಾಗಿಯೇ ಹುಂಜಗಳನ್ನು ತಲೆಮಾರುಗಳ ಕಾಲ ಆಯ್ದು ಬೆಳೆಸಿದ್ದಾರೆ. ಹೆನ್ರಿ ಹಾಫ್‌ಮನ್ ಗ್ರಿಜ್ಲಿ ಹುಂಜದ ಸ್ಯಾಡಲನ್ನು ಅಡಿಯುದ್ದಕ್ಕೆ ಒಯ್ದ, ಆತನ ತಳಿಯನ್ನು 1989ರಲ್ಲಿ ಟಾಮ್ ವೈಟಿಂಗ್ ಕೊಂಡು ಮುಂದುವರಿಸಿದ. ಅಂಥ ಒಂದೇ ಗರಿಯಲ್ಲಿ ಹಲವು ತೇಲುವ ಫ್ಲೈ ಕಟ್ಟಬಹುದು, ಕಡ್ಡಿ ನೂಲಿನಷ್ಟು ತೆಳು, ವೆಬ್ ಇಲ್ಲವೆನ್ನುವಷ್ಟು ಕಡಿಮೆ. ಅವು ಬರುವ ಮೊದಲು ಪ್ರಪಂಚದ ಫ್ಲೈ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದದ್ದು ಭಾರತದಿಂದ ಹೋದ ಊರ ಹುಂಜಗಳ ಚರ್ಮ. ಎಷ್ಟೋ ಜನ ಅದರಲ್ಲೇ ಕಲಿತರು. ಅಳಿವೆಗೆ ಅಮೆರಿಕದ ಸ್ಯಾಡಲ್ ಬೇಡ, ಡಿಸೀವರಿಗೆ ಅದು ತೀರಾ ಕಿರಿದು, ಮೀನಿನ ಮೈ ಕಟ್ಟಿಕೊಳ್ಳುವುದಿಲ್ಲ. ಗೆದ್ದಲು ಏಳುವ ಸಂಜೆಗಳಿಗೆ 14 ಅಥವಾ 16ನೇ ನಂಬರಿನ ಸಣ್ಣ ಗಾಳದಲ್ಲಿ ತೇಲುವ ಫ್ಲೈ ಕಟ್ಟುವ ಆಸೆ ಇದ್ದರೆ ಮಾತ್ರ, ಪೂರ್ತಿ ಚರ್ಮ ಬಿಟ್ಟು, ಅದೇ ಅಳತೆಗೆ ಆಯ್ದ ಗರಿಗಳ ಸಣ್ಣ ಪ್ಯಾಕೆಟ್ ಒಂದನ್ನು ಕೊಳ್ಳಿ, ಗ್ರಿಜ್ಲಿ ಅಥವಾ ಕಂದು. ಅದನ್ನೂ ಅಣ್ಣನ ಸೂಟ್‌ಕೇಸಿನಲ್ಲಿ ತರಿಸಬೇಡಿ. ಹೊರದೇಶದ ಗರಿ, ಚರ್ಮಗಳಿಗೆ ಪಶು ಉತ್ಪನ್ನಗಳ ಆಮದು ನಿಯಮ ಅನ್ವಯಿಸುತ್ತದೆ, ಪರವಾನಗಿ ಪಡೆದು ತರಿಸುವ ವ್ಯಾಪಾರಿಯಿಂದಲೇ ಬಿಲ್ ಸಮೇತ ತೆಗೆದುಕೊಳ್ಳಿ.